ನೆಟ್ ಎಲ್ಲಿ ಕೈಕೊಟ್ಟಿತು? ಟರ್ಮಿನಲ್‌ನಲ್ಲಿ ಕಾದು ಹಿಡಿಯುವುದು ಹೇಗೆ

ಬೆಳಿಗ್ಗೆ ಆರೂಕಾಲಿಗೆ ನನಗೊಂದು ಮೀಟಿಂಗ್ ಇರುತ್ತದೆ. ಆ ಕಡೆಯವರು ಕ್ಯಾಲಿಫೋರ್ನಿಯಾದವರು, ಅವರಿಗೆ ಅದು ಹಿಂದಿನ ದಿನದ ಸಂಜೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ನಾನು ಮಾತಾಡಲು ಬಾಯಿ ತೆಗೆಯುವುದಕ್ಕೂ ನೆಟ್ ಹೋಗುವುದಕ್ಕೂ ಸರಿಹೋಗುತ್ತಿತ್ತು. ಎರಡು ನಿಮಿಷ ಬಿಟ್ಟು ತಾನಾಗಿಯೇ ಬರುತ್ತಿತ್ತು. ಮಧ್ಯಾಹ್ನವೂ ಆಗಾಗ ಇದೇ ಕತೆ. ಫೋನ್ ಮಾಡಿದರೆ ಕೇಬಲ್ ಹುಡುಗನದು ಒಂದೇ ಪಾಠ: "ಸಾರ್, ನಮ್ ಕಡೆ ಎಲ್ಲಾ ಸರಿ ಇದೆ. ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಅವನು ಫೋನ್ ಎತ್ತುವ ಹೊತ್ತಿಗೆ ನೆಟ್ ಬಂದಿರುತ್ತಿತ್ತು. ನನ್ನ ಹತ್ತಿರ ತೋರಿಸಲು ಏನೂ ಇರುತ್ತಿರಲಿಲ್ಲ.

"ನೆಟ್ ಹೋಯ್ತು" ಅನ್ನುವುದು ಒಂದೇ ಮಾತು. ಆದರೆ ಅದರ ಹಿಂದೆ ನಾಲ್ಕು ಬೇರೆ ಬೇರೆ ಕಾಯಿಲೆ ಇರಬಹುದು. ಕಂಪ್ಯೂಟರಿಗೂ ರೂಟರಿಗೂ ನಡುವಿನ ವೈರ್ ಅಥವಾ ವೈಫೈ ಕಡಿದಿರಬಹುದು. ಅದು ಸರಿ ಇದ್ದೂ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ನಂಬರ್, ಸಿಗದೆ ಇರಬಹುದು. ವಿಳಾಸ ಇದ್ದೂ ಹೊರಗೆ ಹೋಗುವ ದಾರಿ, ಅಂದರೆ ಡೀಫಾಲ್ಟ್ ರೂಟ್, ಅಳಿಸಿ ಹೋಗಿರಬಹುದು. ಇವೆಲ್ಲ ಸರಿ ಇದ್ದೂ ಮನೆಯ ಆಚೆ, ಕಂಬದ ಮೇಲೆಲ್ಲೋ ತೊಂದರೆ ಆಗಿರಬಹುದು. ಯಾವುದು ಎಂದು ಗೊತ್ತಾಗಬೇಕಾದರೆ ಹೋದ ಗಳಿಗೆಯಲ್ಲೇ ಯಾರಾದರೂ ನೋಡುತ್ತಾ ಕೂತಿರಬೇಕು. ಆ ಕೆಲಸವನ್ನು ಲಿನಕ್ಸ್ ಟರ್ಮಿನಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಗೆ, ಒಪ್ಪಿಸುವುದು ಹೇಗೆ ಅಂತ ಹೇಳುತ್ತೇನೆ. ನನ್ನದು ಉಬುಂಟು. ಡೆಬಿಯನ್, ಫೆಡೋರಾ, ಮಿಂಟ್ ಇದ್ದರೂ ಹೆಚ್ಚೇನೂ ವ್ಯತ್ಯಾಸ ಇಲ್ಲ.

ಒಂದು ಮಾತು ಮೊದಲೇ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹಾಕಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಬಾಗಿಲು ತೆಗೆದು ನೋಡಬೇಡಿ, ಬೆಲ್ ಕೇಳಿಸಿಕೊಳ್ಳಿ

ಹಾಲಿನವನು ಬಂದನಾ ಅಂತ ಗಳಿಗೆಗೊಂದು ಸಲ ಬಾಗಿಲು ತೆಗೆದು ನೋಡುವುದು ಒಂದು ರೀತಿ. ಬೆಲ್ ಆದಾಗ ಎದ್ದು ಹೋಗುವುದು ಇನ್ನೊಂದು ರೀತಿ. ಪ್ರತಿ ಐದು ಸೆಕೆಂಡಿಗೆ ನೆಟ್ ಇದೆಯಾ ಎಂದು ಕೇಳುವ ಸ್ಕ್ರಿಪ್ಟ್ ಬರೆದವರನ್ನು ನೋಡಿದ್ದೇನೆ, ನಾನೂ ಬರೆದಿದ್ದೆ. ಎರಡು ಸೆಕೆಂಡು ಹೋಗಿ ಬಂದರೆ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಬೆಲ್ ವ್ಯವಸ್ಥೆ ಇದೆ. ಅದರ ಹೆಸರು ನೆಟ್‌ಲಿಂಕ್. ವೈರ್ ಕಿತ್ತರೆ, ವಿಳಾಸ ಬಂದರೆ, ರೂಟ್ ಹೋದರೆ ಕರ್ನಲ್ ತಾನೇ ಒಂದು ಸಂದೇಶ ಕಳಿಸುತ್ತದೆ. ಕಾದು ಕೂತವರಿಗೆ ಅದು ತಕ್ಷಣ ಸಿಗುತ್ತದೆ. ಕಾದು ಕೂರುವ ಕಮಾಂಡ್ ಇದು:

ಐಪಿ ಮಾನಿಟರ್ ಲಿಂಕ್

ಇದಕ್ಕೆ ಸೂಡೋ, ಅಂದರೆ ಅಡ್ಮಿನ್ ಅನುಮತಿ, ಬೇಡ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡುವುದೂ ಬೇಡ. ಎಂಟರ್ ಒತ್ತಿದರೆ ಸುಮ್ನೆ ಕೂರುತ್ತದೆ, ಏನೂ ಬರೆಯುವುದಿಲ್ಲ. ಹ್ಯಾಂಗ್ ಆಯಿತು ಅಂದುಕೊಳ್ಳಬೇಡಿ, ಹೇಳುವುದಕ್ಕೆ ಸುದ್ದಿ ಇಲ್ಲ ಅಷ್ಟೇ. ಈಗ ಲ್ಯಾಪ್‌ಟಾಪಿನಿಂದ ನೆಟ್‌ವರ್ಕ್ ವೈರನ್ನು ಎಳೆದು ನೋಡಿ. ಥಟ್ ಅಂತ ಒಂದು ಸಾಲು ಬೀಳುತ್ತದೆ. ಅದರಲ್ಲಿ ಮೊದಲು ನಿಮ್ಮ ನೆಟ್‌ವರ್ಕ್ ಕಾರ್ಡಿನ ಹೆಸರು ಇರುತ್ತದೆ, ನನ್ನದರಲ್ಲಿ ಇಎನ್‌ಪಿ3ಎಸ್0. ಆಮೇಲೆ ಕೋನದ ಆವರಣದೊಳಗೆ ಕೆಲವು ಪದಗಳು. ಅಲ್ಲಿ "ನೋ-ಕ್ಯಾರಿಯರ್" ಅಂತ ಇದ್ದರೆ ಆ ತುದಿಯಿಂದ ಸಿಗ್ನಲ್ ಇಲ್ಲ. ವೈರ್ ವಾಪಸ್ ಹಾಕಿ. ಆ ಪದ ಹೋಗಿ "ಲೋಯರ್-ಅಪ್" ಅಂತ ಬರುತ್ತದೆ.

ಈ ಎರಡು ಪದ ಗುರುತಿಟ್ಟುಕೊಳ್ಳಿ. "ಅಪ್" ಅಂತ ಒಂದು ಪದ ಎರಡೂ ಸಲ ಇರುತ್ತದೆ. ಅದನ್ನು ನೋಡಿ ನಾನು ಎಷ್ಟೋ ದಿನ ಮೋಸ ಹೋಗಿದ್ದೆ. ಅಪ್ ಅಂದರೆ ಕಾರ್ಡನ್ನು ಯಾರೂ ಆಫ್ ಮಾಡಿಲ್ಲ ಎಂದಷ್ಟೇ ಅರ್ಥ. ವೈರ್ ಜೀವಂತ ಇದೆಯಾ ಅನ್ನುವುದನ್ನು ಹೇಳುವುದು ಲೋಯರ್-ಅಪ್.

ಸಾಕಾದಾಗ ಕಂಟ್ರೋಲ್ ಮತ್ತು ಸಿ ಒತ್ತಿದರೆ ನಿಲ್ಲುತ್ತದೆ.

ಸಮಯದ ಮುದ್ರೆ ಒತ್ತಿ

ಸುದ್ದಿ ಬಂದರೆ ಸಾಲದು, ಯಾವಾಗ ಬಂತು ಅನ್ನುವುದು ಬೇಕು. ಜಗಳ ಇರುವುದೇ ಆ ಹೊತ್ತಿನ ಬಗ್ಗೆ ಅಲ್ವಾ? ಲಿಂಕ್ ಜೊತೆಗೆ ವಿಳಾಸ ಮತ್ತು ರೂಟನ್ನೂ ಸೇರಿಸಿ, ಎಲ್ಲವನ್ನೂ ಫೈಲಿಗೆ ಬರೆಸೋಣ:

ಐಪಿ -ಓ -ಟಿಎಸ್ ಮಾನಿಟರ್ ಲಿಂಕ್ ಅಡ್ರೆಸ್ ರೂಟ್ ಲೇಬಲ್ | ಟೀ -ಎ ನೆಟ್‌ಲಾಗ್

ಸಣ್ಣ ಓ ಹಾಕಿದರೆ ಒಂದು ಸುದ್ದಿ ಒಂದೇ ಸಾಲಿನಲ್ಲಿ ಬರುತ್ತದೆ, ಆಮೇಲೆ ಹುಡುಕುವುದು ಸುಲಭ. ಟಿಎಸ್ ಹಾಕಿದರೆ ಪ್ರತಿ ಸಾಲಿನಲ್ಲಿ ತಾರೀಖು ಮತ್ತು ಸಮಯ, ಸೆಕೆಂಡಿನ ಚೂರುಗಳ ಸಮೇತ. ಲೇಬಲ್ ಅಂದರೆ ಇದು ಲಿಂಕಿನ ಸುದ್ದಿಯೋ, ವಿಳಾಸದ್ದೋ, ರೂಟಿನದೋ ಎಂದು ಸಾಲಿನಲ್ಲೇ ಚೀಟಿ ಅಂಟಿಸುವುದು. ರೂಟ್ ಅನ್ನುವುದನ್ನು ಆರ್-ಓ-ಯು-ಟಿ-ಇ ಎಂದೂ ಟೀ ಅನ್ನುವುದನ್ನು ಟಿ-ಇ-ಇ ಎಂದೂ ಬರೆಯಿರಿ. ಟೀ ಬಂದದ್ದನ್ನು ಪರದೆಗೂ ಹಾಕುತ್ತದೆ, ನೆಟ್‌ಲಾಗ್ ಅನ್ನುವ ಫೈಲಿಗೂ ಹಾಕುತ್ತದೆ. ಪಕ್ಕದ ಎ ಮರೆಯಬೇಡಿ. ಅದಿಲ್ಲದಿದ್ದರೆ ಮತ್ತೊಂದು ಸಲ ಶುರು ಮಾಡಿದಾಗ ಹಳೆಯದೆಲ್ಲ ಅಳಿಸಿ ಹೋಗುತ್ತದೆ. ನಾನು ಎರಡು ದಿನದ ಲಾಗ್ ಹೀಗೇ ಕಳೆದುಕೊಂಡೆ.

ಈ ಲಾಗ್‌ನಲ್ಲಿ "ಡಿಲೀಟೆಡ್" ಅನ್ನುವ ಪದ ಹುಡುಕಿ. ವಿಳಾಸ ಅಥವಾ ರೂಟ್ ಹೋದಾಗ ಆ ಪದ ಬರುತ್ತದೆ. ಲಿಂಕ್ ಹೋಗದೆ ವಿಳಾಸ ಮಾತ್ರ ಡಿಲೀಟೆಡ್ ಆಗಿದ್ದರೆ ರೂಟರ್ ವಿಳಾಸ ಹಂಚುವ ಕೆಲಸದಲ್ಲಿ ಎಡವಿದೆ ಎಂದು ಅನುಮಾನಿಸಬಹುದು. 169.254 ಎಂದು ಶುರುವಾಗುವ ವಿಳಾಸ ಕಂಡರೂ ಅದೇ ಅನುಮಾನ. ಯಾರೂ ವಿಳಾಸ ಕೊಡಲಿಲ್ಲ ಅಂತ ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ.

ವೈಫೈನಲ್ಲಿ ಇದನ್ನೇ ಓಡಿಸಿದರೆ ಲಿಂಕ್ ಸಾಲುಗಳು ಜಾಸ್ತಿ ಬೀಳುತ್ತವೆ, ಗಾಬರಿ ಬೇಡ. ನನ್ನ ಸಲಹೆ ಕೇಳಿದರೆ ಪತ್ತೆ ಕೆಲಸ ಮುಗಿಯುವ ತನಕ ವೈಫೈ ಬಿಟ್ಟು ವೈರ್ ಹಾಕಿಕೊಳ್ಳಿ. ಅಡುಗೆಮನೆಯ ಮೈಕ್ರೋವೇವ್, ಪಕ್ಕದ ಮನೆಯ ರೂಟರ್, ನಡುವಿನ ಗೋಡೆ, ಇಷ್ಟು ಆರೋಪಿಗಳು ಒಂದೇ ಏಟಿಗೆ ಹೊರಗಾಗುತ್ತಾರೆ. ವೈಫೈಯದೇ ತೊಂದರೆ ಎಂದು ಖಾತ್ರಿ ಇದ್ದರೆ ಬೇರೆ ಕಮಾಂಡ್ ಇದೆ: ಐಡಬ್ಲ್ಯೂ ಇವೆಂಟ್ -ಟಿ. ಸಂಪರ್ಕ ಕಡಿದಾಗ ಕಡಿದದ್ದು ರೂಟರ್ ಕಡೆಯಿಂದಲೋ ನಮ್ಮ ಕಡೆಯಿಂದಲೋ ಅನ್ನುವುದನ್ನೂ ಅದು ಹೇಳುತ್ತದೆ.

ಎರಡು ಪಿಂಗ್, ಒಂದು ಒಳಗೆ, ಒಂದು ಹೊರಗೆ

ಐಪಿ ಮಾನಿಟರ್‌ಗೆ ಕಾಣುವುದು ನಮ್ಮ ಕಂಪ್ಯೂಟರಿನ ಹೊಸ್ತಿಲ ತನಕ ಮಾತ್ರ. ರೂಟರಿನ ಆಚೆ ಫೈಬರ್ ಕಡಿದರೆ ಕರ್ನಲ್‌ಗೆ ಅದರ ಸುಳಿವೇ ಇರುವುದಿಲ್ಲ. ವೈರ್ ಸರಿ ಇದೆ, ವಿಳಾಸ ಇದೆ, ರೂಟ್ ಇದೆ, ಹಾಗಾಗಿ ಬೆಲ್ ಆಗುವುದಿಲ್ಲ. ಅಲ್ಲಿಗೆ ನಾವೇ ಹೋಗಿ ಬಾಗಿಲು ತಟ್ಟಬೇಕು. ಅದಕ್ಕೆ ಪಿಂಗ್: ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ಎಂದು ನೋಡುವ ಕಮಾಂಡ್.

ಮೊದಲು ರೂಟರಿನ ವಿಳಾಸ ತಿಳಿದುಕೊಳ್ಳಿ. ಐಪಿ ರೂಟ್ ಎಂದು ಟೈಪ್ ಮಾಡಿದರೆ ಡೀಫಾಲ್ಟ್ ಎಂದು ಶುರುವಾಗುವ ಸಾಲಿನಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿ 192.168.1.1. ಆಮೇಲೆ ಎರಡು ಟರ್ಮಿನಲ್ ತೆರೆದು ಒಂದೊಂದರಲ್ಲಿ ಒಂದೊಂದು:

ಪಿಂಗ್ -ಡಿ -ಓ 192.168.1.1 | ಟೀ -ಎ ಒಳಗೆ

ಪಿಂಗ್ -ಡಿ -ಓ 1.1.1.1 | ಟೀ -ಎ ಹೊರಗೆ

ಫೈಲಿನ ಹೆಸರು ನಿಮಗೆ ಬೇಕಾದ್ದು ಇಡಿ. ಆದರೆ ಇಲ್ಲಿ ಡಿ ಮತ್ತು ಓ ಎರಡೂ ದೊಡ್ಡ ಅಕ್ಷರ. ದೊಡ್ಡ ಓ ಇಲ್ಲದಿದ್ದರೆ ಉತ್ತರ ಬರದ ಪಿಂಗ್‌ಗಳ ಬಗ್ಗೆ ಲಾಗ್ ಬಾಯಿ ಬಿಡುವುದೇ ಇಲ್ಲ, ನಡುವೆ ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತದೆ. ನಮಗೆ ಬೇಕಾಗಿರುವುದು ಆ ಖಾಲಿಯೇ. ಓ ಇದ್ದರೆ "ನೋ ಆನ್ಸರ್ ಯೆಟ್" ಅಂತ ಒಂದೊಂದಕ್ಕೂ ಸಾಲು ಬರೆಯುತ್ತದೆ. 1.1.1.1 ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ ವಿಳಾಸ. ಡಿಎನ್‌ಎಸ್ ಅಂದರೆ ವೆಬ್‌ಸೈಟಿನ ಹೆಸರನ್ನು ನಂಬರಿಗೆ ಬದಲಾಯಿಸುವ ವ್ಯವಸ್ಥೆ. ಗೂಗಲ್‌ನ 8.8.8.8 ಕೂಡ ಆಗುತ್ತದೆ. ಹೆಸರಿನ ಬದಲು ನಂಬರನ್ನೇ ಕೊಡಿ. ಹೆಸರು ಕೊಟ್ಟರೆ ಡಿಎನ್‌ಎಸ್ ತೊಂದರೆಯೂ ಕಲಸಿಕೊಳ್ಳುತ್ತದೆ. ನಂಬರಿಗೆ ಪಿಂಗ್ ಹೋಗುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಆಗ ಡಿಎನ್‌ಎಸ್ ಕಡೆ ನೋಡಿ.

ದೊಡ್ಡ ಡಿ ಹಾಕುವ ಸಮಯ ಸ್ವಲ್ಪ ವಿಚಿತ್ರ. 1970ರ ಜನವರಿ 1ರಿಂದ ಎಷ್ಟು ಸೆಕೆಂಡಾಯಿತು ಎಂದು ಬರೆಯುತ್ತದೆ. 1700000000 ಅಂತ ಕಂಡರೆ ಯಾರಿಗೆ ಏನು ಗೊತ್ತಾಗಬೇಕು? ಡೇಟ್ -ಡಿ @1700000000 ಎಂದು ಕೇಳಿ, ಇಲ್ಲಿ ಡಿ ಸಣ್ಣದು. 2023ರ ನವೆಂಬರ್ 15, ಬೆಳಗಿನ ಜಾವ 3 ಗಂಟೆ 43 ನಿಮಿಷ 20 ಸೆಕೆಂಡ್ ಎಂದು ನಮ್ಮ ಸಮಯದಲ್ಲೇ ಬಿಡಿಸಿ ಹೇಳುತ್ತದೆ.

ಈಗ ಓದುವ ಕ್ರಮ. ಒಳಗಿನ ಪಿಂಗೂ ನಿಂತಿದೆ, ಲಿಂಕ್ ಲಾಗ್‌ನಲ್ಲಿ ನೋ-ಕ್ಯಾರಿಯರ್ ಕೂಡ ಬಂದಿದೆ ಅಂದರೆ ವೈರ್ ಇಲ್ಲವೇ ರೂಟರಿಗೆ ಬರುವ ಕರೆಂಟು. ಒಳಗಿನದು ನಿಂತಿದೆ ಆದರೆ ಲಿಂಕ್ ಗಟ್ಟಿಯಾಗಿದೆ ಅಂದರೆ ರೂಟರೇ ಮಂಕಾಗಿದೆ. ಒಳಗಿನದು ಒಂದೇ ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಿದ್ದು ಹೊರಗಿನದು ಮಾತ್ರ ಸತ್ತಿದ್ದರೆ, ಲಾಗ್‌ನಲ್ಲಿ ರೂಟ್ ಡಿಲೀಟೆಡ್ ಆಗಿಲ್ಲದಿದ್ದರೆ, ತೊಂದರೆ ಹೆಚ್ಚಾಗಿ ಮನೆಯ ಆಚೆ. ಆಗ ಫೈಬರ್ ಬಂದು ಸೇರುವ ಪೆಟ್ಟಿಗೆ ನೋಡಿ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಪರೀಕ್ಷೆ ಮಾಡುತ್ತೇನೆ ಅಂತ ಆ ಫೈಬರನ್ನು ಕಿತ್ತು ತುದಿಯನ್ನು ಕಣ್ಣ ಹತ್ತಿರ ಹಿಡಿಯಬೇಡಿ. ಅದರಲ್ಲಿ ಓಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್. ತುದಿಗೆ ಧೂಳು ಕೂತರೆ ಸಿಗ್ನಲ್ ಇನ್ನೂ ಹಾಳು.

ನಮ್ಮ ಮನೆಯಲ್ಲಿ ಸಿಕ್ಕಿದ್ದು

ಮೂರು ದಿನ ಲಾಗ್ ಓಡಿಸಿದೆ. ಬೆಳಗಿನ ಸಾಲುಗಳನ್ನು ನೋಡಿದಾಗ ಮೊದಲು ಅರ್ಥ ಆಗಲಿಲ್ಲ. 6 ಗಂಟೆ 14 ನಿಮಿಷಕ್ಕೆ ನೋ-ಕ್ಯಾರಿಯರ್. ಕೆಲವೇ ಸೆಕೆಂಡಿಗೆ ಲೋಯರ್-ಅಪ್. ಮತ್ತೆ ನೋ-ಕ್ಯಾರಿಯರ್. ಮತ್ತೆ ಲೋಯರ್-ಅಪ್. ಲಿಂಕ್ ಬಂದರೂ ಒಳಗಿನ ಪಿಂಗ್‌ಗೆ ಒಂದು ನಿಮಿಷದ ಮೇಲೆ ಉತ್ತರ ಇಲ್ಲ. ವೈರ್ ಸಡಿಲ ಇರಬೇಕು ಅಂತ ಬೇರೆ ವೈರ್ ಹಾಕಿದೆ. ಮರುದಿನ ಅದೇ ಆಟ.

ಆಮೇಲೆ ಒಂದು ಪ್ರಯೋಗ ಮಾಡಿದೆ. ರೂಟರಿನ ಸ್ವಿಚ್ಚನ್ನೇ ಆಫ್ ಮಾಡಿ ಆನ್ ಮಾಡಿ ಲಾಗ್ ನೋಡಿದೆ. ಅದೇ ನಡಿಗೆ! ರೂಟರ್ ಹೊಸದಾಗಿ ಎದ್ದೇಳುವಾಗ ಅದರ ಪೋರ್ಟ್ ಒಮ್ಮೆ ಜೀವ ಬಂದು, ಮತ್ತೆ ಹೋಗಿ, ಆಮೇಲೆ ನಿಲ್ಲುತ್ತದೆ. ಸುಮ್ನೆ ವೈರ್ ಕಿತ್ತು ಹಾಕಿದರೆ ಒಂದೇ ಸಲ ಹೋಗಿ ಒಂದೇ ಸಲ ಬರುತ್ತದೆ. ಹಾಗಾಗಿ ಮೊದಲ ದಿನವೇ ಒಂದು ಸಲ ವೈರ್ ಎಳೆದು, ಒಂದು ಸಲ ರೂಟರ್ ಆಫ್ ಮಾಡಿ, ಎರಡರ ಲಾಗನ್ನೂ ಪಕ್ಕ ಇಟ್ಟುಕೊಳ್ಳಿ. ಮುಂದೆ ಬರುವ ಪ್ರತಿ ಸಾಲನ್ನೂ ಅದಕ್ಕೆ ಹೋಲಿಸಿ ನೋಡಬಹುದು.

ಅಂದರೆ ಬೆಳಿಗ್ಗೆ 6.14ಕ್ಕೆ ರೂಟರ್ ಸತ್ತು ಎದ್ದೇಳುತ್ತಿತ್ತು. ಆದರೆ ಮನೆಯಲ್ಲಿ ಕರೆಂಟ್ ಹೋಗಿರಲಿಲ್ಲ, ಫ್ಯಾನ್ ತಿರುಗುತ್ತಲೇ ಇತ್ತು. ಮರುದಿನ ಟರ್ಮಿನಲ್ ಮುಂದೆ ಕೂತು ಕಾದೆ. ಸಾಲು ಬಿದ್ದ ತಕ್ಷಣ ಕೂಗಿದೆ, "ಅಮ್ಮಾ, ಈಗ ಏನ್ ಮಾಡಿದೆ?"

"ಏನಿಲ್ಲ ಕಣೋ, ಸಂಪ್ ತುಂಬಿತ್ತು, ಮೋಟ್ರು ಹಾಕ್ದೆ."

ಕಾವೇರಿ ನೀರು ಬೆಳಗಿನ ಜಾವ ಬಂದು ಸಂಪ್ ತುಂಬುತ್ತದೆ. ಅಮ್ಮ ಕಾಫಿ ಕುಡಿದು ಮೋಟಾರ್ ಹಾಕುತ್ತಾರೆ. ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಅದೇ ಲೈನಿನಲ್ಲಿದ್ದ ರೂಟರಿಗೆ ವೋಲ್ಟೇಜ್ ಕುಸಿಯುತ್ತದೆ. ಫ್ಯಾನಿಗೆ ಗೊತ್ತೇ ಆಗದಷ್ಟು ಸಣ್ಣ ಕುಸಿತ, ರೂಟರಿನ ಅಡಾಪ್ಟರಿಗೆ ಅಷ್ಟು ಸಾಕಾಗಿತ್ತು. ರೂಟರನ್ನು ಯುಪಿಎಸ್ ಬೋರ್ಡಿಗೆ ಬದಲಾಯಿಸಿದೆ. ಬೆಳಗಿನ ಕಾಟ ಅವತ್ತೇ ನಿಂತಿತು. ಕೇಬಲ್ ಹುಡುಗನಿಗೆ ಎಷ್ಟು ಸಲ ಬೈದಿದ್ದೆನೋ, ಈ ವಿಷಯದಲ್ಲಿ ಅವನು ಹೇಳಿದ್ದೇ ಸರಿ.

ಮಧ್ಯಾಹ್ನದ್ದು ಬೇರೆ. ಲಿಂಕ್ ಲಾಗ್ ಪೂರ್ತಿ ಖಾಲಿ. ಒಳಗಿನ ಪಿಂಗ್ ಒಂದೂ ತಪ್ಪಿಲ್ಲ. ಹೊರಗಿನದರಲ್ಲಿ ಮಾತ್ರ ನಾಲ್ಕು ನಿಮಿಷ, ಏಳು ನಿಮಿಷ, ಹೀಗೆ ತುಂಡು ತುಂಡು. ಆ ಹೊತ್ತಿಗೆ ಎಲ್‌ಒಎಸ್ ದೀಪ ಕೆಂಪು. ಮೂರು ದಿನದ ಸಮಯಗಳನ್ನು ದೀಪದ ಫೋಟೋ ಜೊತೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಈ ಸಲ "ಆಫ್ ಮಾಡಿ ಆನ್ ಮಾಡಿ" ಬರಲಿಲ್ಲ. ಏಣಿ ಹೊತ್ತುಕೊಂಡು ಅವನೇ ಬಂದ. ಮೂಲೆಯ ಕಂಬದ ಪೆಟ್ಟಿಗೆಯಲ್ಲಿ ಜಾಯಿಂಟ್ ಸಡಿಲವಾಗಿತ್ತು.

ಇನ್ನು ಕೆಲವು ಕಮಾಂಡ್

ಎನ್-ಎಂ-ಸಿ-ಎಲ್-ಐ ಮಾನಿಟರ್ ಅಂತ ಒಂದಿದೆ. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಮ್ ಕಣ್ಣಿಗೆ ಕಂಡದ್ದನ್ನು ಓದುವಂಥ ಇಂಗ್ಲಿಷ್‌ನಲ್ಲಿ ಹೇಳುತ್ತದೆ: ಈ ಕಾರ್ಡ್ ಕಡಿದಿದೆ, ಈಗ ಕನೆಕ್ಟಿವಿಟಿ ಲಿಮಿಟೆಡ್, ಈಗ ಫುಲ್. ಹೊಸಬರಿಗೆ ಇದು ಹಿತ. ಆದರೆ ನಾನು ಇದನ್ನೊಂದನ್ನೇ ನಂಬುವುದಿಲ್ಲ. ವೈರ್ ಕಡಿದಾಗ ನೆಟ್‌ವರ್ಕ್ ಮ್ಯಾನೇಜರ್ ಕೆಲವು ಸೆಕೆಂಡು ಕಾದು ಆಮೇಲೆ ಕ್ರಮ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ವೈರ್ ಬಂದರೆ ಏನೂ ಆಗಿಲ್ಲ ಅನ್ನುವಂತೆ ಇರುತ್ತದೆ. ಹೊರಗಿನ ಸಂಪರ್ಕ ಇದೆಯಾ ಎಂದು ಪರೀಕ್ಷಿಸುವ ಅಂತರವೂ ಮೊದಲಿನಿಂದ 300 ಸೆಕೆಂಡ್ ಎಂದೇ ಇರುತ್ತದೆ. ಐದು ನಿಮಿಷದಲ್ಲಿ ಹೋಗಿ ಬಂದದ್ದು ಅದರ ಲೆಕ್ಕಕ್ಕೇ ಸಿಗದಿರಬಹುದು.

ಕಾದು ಕೂರಲಿಲ್ಲ, ಆಗಲೇ ಹೋಗಿ ಬಂದಾಗಿದೆ ಅನ್ನುವವರಿಗೆ ಜರ್ನಲ್, ಅಂದರೆ ಸಿಸ್ಟಮ್ ತಾನೇ ಬರೆದಿಡುವ ದಿನಚರಿ, ಇದೆ. ಜರ್ನಲ್‌ಸಿಟಿಎಲ್ -ಯು ನೆಟ್‌ವರ್ಕ್‌ಮ್ಯಾನೇಜರ್ --ಸಿನ್ಸ್ ಟುಡೇ ಎಂದು ಹಾಕಿದರೆ ಇವತ್ತು ನಡೆದದ್ದೆಲ್ಲ ಸಮಯದ ಸಮೇತ ಬರುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಒಂದೇ ಪದ, ಅದರ ಎನ್ ಮತ್ತು ಎಂ ದೊಡ್ಡ ಅಕ್ಷರ.

ವೈರ್ ಮೇಲೇ ಅನುಮಾನ ಇದ್ದರೆ ಒಂದು ಎಣಿಕೆ ನೋಡಿ:

ಕ್ಯಾಟ್ /ಸಿಸ್/ಕ್ಲಾಸ್/ನೆಟ್/ಇಎನ್‌ಪಿ3ಎಸ್0/ಕ್ಯಾರಿಯರ್_ಚೇಂಜಸ್

ಸಿಸ್ ಅನ್ನುವುದು ಎಸ್-ವೈ-ಎಸ್. ಕಾರ್ಡಿನ ಹೆಸರಿನ ಜಾಗದಲ್ಲಿ ನಿಮ್ಮದನ್ನು ಹಾಕಿ. ಕಂಪ್ಯೂಟರ್ ಆನ್ ಆದಾಗಿನಿಂದ ಲಿಂಕ್ ಎಷ್ಟು ಸಲ ಬದಲಾಯಿತು ಎಂದು ಒಂದೇ ಅಂಕಿಯಲ್ಲಿ ಹೇಳುತ್ತದೆ. ಹೋದದ್ದು ಒಂದು, ಬಂದದ್ದು ಒಂದು, ಹಾಗಾಗಿ ಒಂದು ಸಲ ಕಡಿದರೆ ಎಣಿಕೆ ಎರಡು ಏರುತ್ತದೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಬರೆದಿಟ್ಟುಕೊಂಡರೂ ಸಾಕು.

ವಿಂಡೋಸ್‌ನವರು ಪಿಂಗ್ -ಟಿ ಓಡಿಸಿ. ವೈಫೈಗೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಡಬ್ಲ್ಯೂಲ್ಯಾನ್‌ರಿಪೋರ್ಟ್ ಎಂದು ಕೊಟ್ಟರೆ ಹಿಂದಿನ ಮೂರು ದಿನದ ಚರಿತ್ರೆ ಬ್ರೌಸರಿನಲ್ಲಿ ನೋಡುವ ಪುಟವಾಗಿ ಸಿಗುತ್ತದೆ. ಮ್ಯಾಕ್‌ನಲ್ಲಿ ರೂಟ್ -ಎನ್ ಮಾನಿಟರ್ ಇದೆ, ಓದುವುದಕ್ಕೆ ಸ್ವಲ್ಪ ಕಷ್ಟ.

ರಾತ್ರಿಯೆಲ್ಲ ಓಡಿಸುವಾಗ

ಟರ್ಮಿನಲ್ ಕಿಟಕಿ ಮುಚ್ಚಿದರೆ ಒಳಗೆ ಓಡುವುದೂ ನಿಲ್ಲುತ್ತದೆ. ಅದಕ್ಕೆ ಟಿ-ಎಂ-ಯು-ಎಕ್ಸ್ ಎಂಬ ಪ್ರೋಗ್ರಾಮ್ ಹಾಕಿಕೊಳ್ಳಿ. ಅದರೊಳಗೆ ಕಮಾಂಡ್ ಶುರು ಮಾಡಿ, ಕಂಟ್ರೋಲ್ ಮತ್ತು ಬಿ ಒತ್ತಿ ಕೈ ಬಿಟ್ಟು, ಆಮೇಲೆ ಡಿ ಒತ್ತಿದರೆ ಕೆಲಸ ಹಿಂದೆ ನಡೆಯುತ್ತಲೇ ಇರುತ್ತದೆ. ಟಿ-ಎಂ-ಯು-ಎಕ್ಸ್ ಎಂದು ಬರೆದು, ಜಾಗ ಬಿಟ್ಟು, ಆಮೇಲೆ ಅಟ್ಯಾಚ್ ಎಂದು ಸೇರಿಸಿ ಕರೆದರೆ ಮತ್ತೆ ಎದುರಿಗೆ ಬರುತ್ತದೆ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಾಯಿಸಿ, ಇಲ್ಲದಿದ್ದರೆ ಲಾಗ್ ಕೂಡ ನಿದ್ದೆ ಮಾಡುತ್ತದೆ. ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪೇ ಈ ಕೆಲಸಕ್ಕೆ ವಾಸಿ. ಕರೆಂಟ್ ಹೋದಾಗಲೂ ಬ್ಯಾಟರಿ ಮೇಲೆ ಬರೆಯುತ್ತಿರುತ್ತದೆ.

ಲಾಗನ್ನು ಯಾರಿಗಾದರೂ ಕಳಿಸುವ ಮುಂಚೆ ಒಮ್ಮೆ ಕಣ್ಣಾಡಿಸಿ. ಲಿಂಕ್ ಸಾಲುಗಳಲ್ಲಿ ನಿಮ್ಮ ಕಾರ್ಡಿನ ಮ್ಯಾಕ್ ವಿಳಾಸ, ಅಂದರೆ ಆ ಕಾರ್ಡಿನ ಗುರುತಿನ ಸಂಖ್ಯೆ, ಇರುತ್ತದೆ, ಗೊತ್ತಿಲ್ಲದವರ ಕೈಗೆ ಅದನ್ನು ಕೊಡುವ ಅಗತ್ಯ ಇಲ್ಲ. ಕೇಬಲ್‌ನವರಿಗೆ ಬೇಕಾಗಿರುವುದು ಸಮಯ ಮಾತ್ರ. ಗ್ರೆಪ್ ನೋ ಹೊರಗೆ ಎಂದು ಹಾಕಿದರೆ ಉತ್ತರ ಬಾರದ ಸಾಲುಗಳಷ್ಟೇ ಸಿಗುತ್ತವೆ. ಮೊದಲನೆಯದು ಮತ್ತು ಕೊನೆಯದನ್ನು ನಮ್ಮ ಸಮಯಕ್ಕೆ ಬಿಡಿಸಿ ಬರೆದರೆ ಆಯಿತು.

ಪತ್ತೆ ಆದ ಮೇಲೆ ಪಿಂಗ್‌ಗಳನ್ನು ಓಡಲು ಬಿಡಬೇಡಿ, ಫೈಲ್ ಬೆಳೆಯುತ್ತಲೇ ಹೋಗುತ್ತದೆ. ಪಿಕಿಲ್ -ಐಎನ್‌ಟಿ ಪಿಂಗ್ ಎಂದು ಹೊಡೆಯಿರಿ, ಪಿಕಿಲ್ ಅಂದರೆ ಪಿ-ಕೆ-ಐ-ಎಲ್-ಎಲ್, ಐಎನ್‌ಟಿ ದೊಡ್ಡ ಅಕ್ಷರ. ಹೀಗೆ ನಿಲ್ಲಿಸಿದರೆ ಹೋಗುವ ಮುಂಚೆ ಎಷ್ಟು ಕಳಿಸಿದೆ, ಎಷ್ಟು ಕಳೆದುಹೋಯಿತು ಅನ್ನುವ ಲೆಕ್ಕವನ್ನು ಪಿಂಗ್ ಒಪ್ಪಿಸಿ ಹೋಗುತ್ತದೆ. ಐಎನ್‌ಟಿ ಹಾಕದೆ ಕೊಂದರೆ ಆ ಲೆಕ್ಕ ಸಿಗುವುದಿಲ್ಲ.